ಸೊಣ್ಣಮ್ಮನ ಭಾನುವಾರದ ರೊಟ್ಟಿ

ಬೆಳಕು ಹರಿಯುವ ಹೊತ್ತು. ಜಯನಗರದ ಹೊಸ ಬಡಾವಣೆಯ ಅಂಚಿನ ಹೆಂಚಿನ ಕ್ರೈಸ್ತ ಪ್ರಾರ್ಥನಾ ಮಂದಿರದ ಹಿಂದುಗಡೆ, ಸೊಣ್ಣಮ್ಮ ದಪ್ಪ ತಳದ ಪಾತ್ರೆಯ ಮುಚ್ಚಳದ ಮೇಲೆ ಕೆಂಡ ಹರಡುತ್ತಾರೆ. ಕೆಳಗೂ ಕೆಂಡ, ಮೇಲೂ ಕೆಂಡ, ನಡುವೆ ಯೇಸುವಿನ ನೆನಪಿಗೆ ಸಭೆ ಹಂಚಿಕೊಳ್ಳುವ ಕರ್ತನ ಭೋಜನದ ರೊಟ್ಟಿ. ಬೇಯುವ ತನಕ ಮುಚ್ಚಳ ಮುಟ್ಟಬಾರದೆಂದು ಹೇಳುವವರು ಅವರೇ. ಇವತ್ತು ಆಗಲೇ ಎರಡು ಸಲ ತೆಗೆದು ನೋಡಿದ್ದಾರೆ. ಗೇಟಿನವರೆಗೆ ಹೋಗಿ ರಸ್ತೆ ನೋಡುತ್ತಾರೆ, ತಿರುಗಿ ಬರುತ್ತಾರೆ, ಒಣಗಿದ ಕೈಯನ್ನೇ ಮತ್ತೆ ಸೆರಗಿಗೆ ಒರೆಸಿಕೊಳ್ಳುತ್ತಾರೆ.

ನಿನ್ನೆ ಸಂಜೆ ಸಭೆಯ ಹಿರಿಯರಾದ ಗುರುಶಾಂತಪ್ಪನವರು ಬಂದಿದ್ದರು. ಇನ್ನು ಮೇಲೆ ರೊಟ್ಟಿ ಬೇಕರಿಯಿಂದ ಬರಲಿ, ಚೊಕ್ಕಟವಾಗಿರುತ್ತದೆ, ನಾಳೆಯದನ್ನು ನಾನೇ ತರುತ್ತೇನೆ ಎಂದು ಹೇಳಿ ಹೋದರು. ಚೊಕ್ಕಟ ಎಂಬ ಮಾತು ಸೊಣ್ಣಮ್ಮನಿಗೆ ಹೊಸದಲ್ಲ. ಅದು ಪಾತ್ರೆಯನ್ನು ಕುರಿತದ್ದಲ್ಲವೆಂಬುದೂ ಅವರಿಗೆ ಗೊತ್ತು. ಆದರೂ ರಾತ್ರಿ ಎಂದಿನಂತೆ ಹಿಟ್ಟು ಕಲಸಿಟ್ಟರು.

ಹುಟ್ಟಿದ್ದು ಗೊಟ್ಟಿಗೆರೆಯ ಊರಾಚೆಯ ಕೇರಿಯಲ್ಲಿ. ಬಾವಿ ಮುಟ್ಟುವಂತಿರಲಿಲ್ಲ. ಯಾರಾದರೂ ಮನಸ್ಸು ಮಾಡಿ ಮೇಲಿನಿಂದ ನೀರು ಹೊಯ್ಯುವ ತನಕ ಬೊಗಸೆಯೊಡ್ಡಿ ಬಗ್ಗಿ ನಿಲ್ಲಬೇಕಿತ್ತು. ಮದುವೆಯಾದ ಮೇಲೆ ದಂಡಿನ ಇಂಗ್ಲಿಷರ ಬಂಗಲೆಯೊಂದರಲ್ಲಿ ಪಾತ್ರೆ ತೊಳೆಯುತ್ತ, ರೊಟ್ಟಿ ಸುಡುವುದನ್ನು ನೋಡಿ ಕಲಿತರು. ಬಂಗಲೆಯವರು ದೇಶ ಬಿಟ್ಟಾಗ ಕೆಲಸ ಹೋಯಿತು. ಗುಡಿಸುವ ಕೆಲಸ ಕೇಳಿಕೊಂಡು ಇಲ್ಲಿಗೆ ಬಂದರು.

ಈ ಸಭೆಯಲ್ಲಿ ರೊಟ್ಟಿಯನ್ನು ತಟ್ಟೆಯಲ್ಲಿಟ್ಟು ಹಂಚುವುದಿಲ್ಲ. ಒಂದೇ ರೊಟ್ಟಿ ಚಾಪೆಯಿಂದ ಚಾಪೆಗೆ, ಕೈಯಿಂದ ಕೈಗೆ ಸಾಗುತ್ತದೆ. ತಾನೊಂದು ತುಂಡು ಮುರಿದುಕೊಂಡು ಪಕ್ಕದವರಿಗೆ ಕೊಡಬೇಕು. ಮೊದಲ ಭಾನುವಾರ ಗೋಡೆಗೊರಗಿ ನಿಂತು ಸೊಣ್ಣಮ್ಮ ನೋಡಿದ್ದು ಅದನ್ನೇ. "ಕಲ್ಲೊಡೆಯೋನ ಕೈಯಿಂದ ಮೇಷ್ಟ್ರು ಇಸ್ಕೊಂಡ್ರು. ಯಾರೂ ಬಗ್ಗಲಿಲ್ಲ. ನಾನು ಇಲ್ಲೇ ಉಳ್ಕೊಂಡೆ" ಎನ್ನುತ್ತಾರೆ.

ದೀಕ್ಷಾಸ್ನಾನವಾದರೂ ಹೆಸರು ಬದಲಾಗಲಿಲ್ಲ. ಗಂಡ ಬೈರಣ್ಣ ಸಭೆ ಸೇರಿಲ್ಲ, ಸೇರೆಂದು ಯಾರೂ ಪೀಡಿಸಿಲ್ಲ. ಹಿಟ್ಟಿಗೆ ನೀರು ಸೇದಿಕೊಟ್ಟು ಹೊಂಗೆ ಮರದಡಿ ಬೀಡಿ ಹಚ್ಚುವುದು ಅವರ ಭಾನುವಾರ. ಚಾಪೆ ಹಾಸುವುದು, ಗಂಟೆ ಹೊಡೆಯುವುದು, ಕಸ ಗುಡಿಸುವುದು, ರೊಟ್ಟಿ ಸುಡುವುದು ಸೊಣ್ಣಮ್ಮನ ಪಾಲು. ಪ್ರತಿ ಸಲ ಕಲಸಿದ ಹಿಟ್ಟಿನಲ್ಲಿ ಒಂದು ಹಿಡಿ ಕುಡಿಕೆಯಲ್ಲಿ ಉಳಿಸುತ್ತಾರೆ. ಮುಂದಿನ ರೊಟ್ಟಿ ಉಬ್ಬುವುದು ಅದರಿಂದಲೇ.

"ಬೇಕರಿಯೋನು ಯಾವ ಜಾತಿ ಅಂತ ವಿಚಾರಿಸಿದ್ರಾ ಕೇಳೇ" ಎಂದು ಬೈರಣ್ಣ ಮರದಡಿಯಿಂದ ಕೆಣಕುತ್ತಾರೆ. ಸೊಣ್ಣಮ್ಮ ಮೂರನೇ ಸಲ ಮುಚ್ಚಳ ಎತ್ತುತ್ತಾರೆ. ರೊಟ್ಟಿಯ ನೆತ್ತಿ ಬಿರುಕು ಬಿಟ್ಟಿದೆ.

ಗುರುಶಾಂತಪ್ಪನವರು ಕಾಗದದಲ್ಲಿ ಸುತ್ತಿದ ರೊಟ್ಟಿ ಹಿಡಿದು ಬಂದಾಗ, ಸಭೆಯ ಪಾಲಕರಾದ ಅಯ್ಯನವರು ಇಬ್ಬರ ಮನಸ್ಸೂ ನೋಯದಿರಲೆಂದು ಎರಡನ್ನೂ ಮೇಜಿನ ಮೇಲಿಡೋಣ ಎನ್ನುತ್ತಾರೆ.

"ಬ್ಯಾಡಿ ಅಯ್ನೋರೆ. ಎರಡು ರೊಟ್ಟಿ ಇಟ್ರೆ ಎರಡು ಪಂಕ್ತಿ ಆಗ್ತದೆ. ಅವ್ರದ್ದೇ ಇರ್ಲಿ" ಎಂದು ಸೊಣ್ಣಮ್ಮ ತಮ್ಮದನ್ನು ಬಟ್ಟೆಯಲ್ಲಿ ಸುತ್ತಿ ಒಲೆಯ ಪಕ್ಕಕ್ಕೆ ಒಯ್ಯುತ್ತಾರೆ.

ಆರಾಧನೆಯಲ್ಲಿ ಬೇಕರಿ ರೊಟ್ಟಿ ಹೆಂಗಸರ ಸಾಲಿಗೆ ಬರುತ್ತದೆ. ಸೊಣ್ಣಮ್ಮ ಮುರಿದುಕೊಂಡು, ಪಕ್ಕದಲ್ಲಿ ಕುಳಿತ ಗುರುಶಾಂತಪ್ಪನವರ ಹೆಂಡತಿ ಜ್ಞಾನಮ್ಮನವರಿಗೆ ಕೊಡುತ್ತಾರೆ. ಅವರು ಎಂದಿನಂತೆ ಇಸಿದುಕೊಳ್ಳುತ್ತಾರೆ. ಸೊಣ್ಣಮ್ಮನ ಬಾಯಿ ಅಗಿಯುತ್ತದೆ, ಕಣ್ಣು ಹಿಂದಿನ ಬಾಗಿಲಲ್ಲಿದೆ.

ಆರಾಧನೆ ಮುಗಿದ ಮೇಲೆ ತಮ್ಮ ರೊಟ್ಟಿಯನ್ನು ಮೆಟ್ಟಿಲ ಮೇಲೆ ಬಿಚ್ಚುತ್ತಾರೆ. ಬೈರಣ್ಣನಿಗೊಂದು ತುಂಡು, ಸಭೆಗೆ ಬರುವ ಕಲ್ಲುಗಣಿಯ ಹೆಂಗಸರಿಗೆ ಒಂದೊಂದು. ಜ್ಞಾನಮ್ಮನವರೂ ಕೈ ಚಾಚುತ್ತಾರೆ.

"ಇನ್ನೊಂದು ಕೊಡಿ ಸೊಣ್ಣಮ್ಮ. ಬೇಕರೀದು ಅಂತ ಹೇಳಿ ನಮ್ಮ ಯಜಮಾನ್ರಿಗೆ ತಿನ್ನಿಸ್ತೀನಿ. ಚಪ್ಪರಿಸ್ಕೊಂಡು ತಿಂತಾರೆ ನೋಡ್ತಿರಿ."

ಹೆಂಗಸರೆಲ್ಲ ನಗುತ್ತಾರೆ. ಸೊಣ್ಣಮ್ಮ ನಗುವುದಿಲ್ಲ. ದೊಡ್ಡ ತುಂಡೊಂದನ್ನು ಮುರಿದು ಜ್ಞಾನಮ್ಮನವರ ಅಂಗೈಯಲ್ಲಿಟ್ಟರೂ ಬೆರಳು ಬಿಡುವುದಿಲ್ಲ.

"ನಾನು ಸುಟ್ಟಿದ್ದು ಅಂತ ಹೇಳಿ ಕೊಡಿ ಅಮ್ಮಾವ್ರೆ. ತಿನ್ನದಿದ್ರೆ ವಾಪಸ್ ತಂದ್ಬಿಡಿ."

ಜ್ಞಾನಮ್ಮನವರ ನಗು ನಿಲ್ಲುತ್ತದೆ. ಸೆರಗಿನಲ್ಲಿ ಮುಚ್ಚಿಕೊಳ್ಳದೆ, ರೊಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಅಂಗೈಯಲ್ಲಿ ಹಿಡಿದು, ಗಂಡ ಕೊಡೆ ಊರಿಕೊಂಡು ಕಾಯುತ್ತಿರುವ ಗೇಟಿನ ಕಡೆ ನಡೆಯುತ್ತಾರೆ.

ಸೊಣ್ಣಮ್ಮ ನಿಂತು ನೋಡಲಾರರು. ಒಳಗೆ ಬಂದು ಚಾಪೆ ಸುತ್ತತೊಡಗುತ್ತಾರೆ, ಸುತ್ತಿದ್ದನ್ನು ಬಿಚ್ಚಿ ಮತ್ತೆ ಸುತ್ತುತ್ತಾರೆ.

"ಮುಂದಿನ ಸಲಕ್ಕೆ ಹಿಟ್ಟು ತೆಗೆದಿಟ್ಟಿದ್ದೀನಿ" ಎನ್ನುತ್ತಾರೆ, ಬಾಗಿಲ ಕಡೆ ತಿರುಗದೆ. "ನಾನು ಸುಟ್ಟಿದ್ದು ಅಂತ ಗೊತ್ತಿದ್ದೂ ತಿನ್ಲಿ. ನನ್ನ ಆಸೆ ಅಷ್ಟೇ."