ಒಮ್ಮೆಯೂ ಹೋಗದ ಫ್ಯೂಸು

ನಾನು ಚಿತ್ತಾಪುರದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮಾಸ್ತರ. ಚಿಂತೆ ಮಾಡುವುದು ನನ್ನ ಎರಡನೇ ನೌಕರಿ, ಅದಕ್ಕೆ ರಜೆ ಇಲ್ಲ. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ವಾಡಿ ಸ್ಟೇಷನ್ನಿನಲ್ಲಿ ಇಳಿದು ಎರಡು ಸಲ ಮನೆಗೆ ವಾಪಸು ಹೋದವನು ನಾನು. ಎರಡು ಸಲವೂ ಬಂದ್ ಆಗಿತ್ತು. ಅಂದಿನಿಂದ ನಾನು ಹೆದರಿದರೆ ಮನೆಮಂದಿ ನಗುತ್ತಾರೆ. ಆದರೆ ಯಾರ ಮನೆಯಲ್ಲಿ ಕರೆಂಟ್ ಕೆಟ್ಟರೂ ನನ್ನನ್ನೇ ಕರೆಯುತ್ತಾರೆ. ಪುಕ್ಕಟೆ ಬರುತ್ತೇನಲ್ಲ.

ನಮ್ಮಕ್ಕ ಶಹಾಬಾದ್ ಹತ್ತಿರದ ಭಂಕೂರಿನಲ್ಲಿದ್ದಾಳೆ. ಮದುವೆ, ಕುಬಸ ಎಂದು ಕೇಳಿದವರಿಗೆ ಜೋಳದ ಕಡಕ್ ರೊಟ್ಟಿ ಮಾಡಿಕೊಡುತ್ತಾಳೆ. ಅದಕ್ಕೆಂದೇ ಒಂದು ಕಾಯಿಲ್ ಒಲೆ ಇದೆ. ದುಂಡನೆಯ ಮಣ್ಣಿನ ಬಿಲ್ಲೆ, ಅದರ ಗೀರುಗಳಲ್ಲಿ ಸುರುಳಿ ತಂತಿ. ಸ್ವಿಚ್ ಒತ್ತಿದರೆ ಕೆಂಪಗೆ ಕಾಯುತ್ತದೆ. ಹೋದ ತಿಂಗಳು ಮಧ್ಯಾಹ್ನ ಅಲ್ಲಿಗೆ ಹೋದಾಗ ಅಕ್ಕ ಹಂಚಿನ ಮೇಲಿನ ರೊಟ್ಟಿ ತಿರುವುತ್ತ ಹೇಳಿದಳು:

"ನೋಡೋ, ಎಲ್ಲಾ ಸಾಮಾನು ಹಳೇದಾದಂಗ ಕುಂಟ್ತಾವ. ಇದು ನೋಡು, ಚುರುಕಾಗ್ಯಾದ. ಮೊದಲು ಎರಡು ರೊಟ್ಟಿ ಆಗೂ ಹೊತ್ತಿನ್ಯಾಗ ಈಗ ಮೂರು ಆಗ್ತಾವ."

ಬಗ್ಗಿ ನೋಡಿದೆ. ತಂತಿ ಕೆಂಪಗಲ್ಲ, ಬಿಳಿಚಿಕೊಂಡ ಹಳದಿ. ನಡುನಡುವೆ ಗಂಟು.

"ಇದೇನು?"

"ಕಡೀತದಲ್ಲ, ಮತ್ತ ಜೋಡಸ್ತೀನಿ. ಸುಟ್ಟ ತುಂಡು ತಗದು, ಜರಾ ಜಗ್ಗಿ, ಪಕ್ಕಡದಿಂದ ತಿರುವಿಬಿಡೂದು. ಮೊದಲು ವರ್ಷಕ್ಕೊಮ್ಮೆ ಕಡೀತಿತ್ತು. ಈಗ ವಾರಕ್ಕೊಮ್ಮೆ."

ಸುಟ್ಟ ತುಂಡುಗಳನ್ನು ಆಕೆ ಎಸೆದಿರಲಿಲ್ಲ. ಚಹಾಪುಡಿಯ ಹಳೇ ಡಬ್ಬಿಯಲ್ಲಿ ಹಾಕಿಟ್ಟಿದ್ದಳು. ಅಲುಗಿಸಿದೆ. ಡಬ್ಬಿ ಹೆಚ್ಚೂಕಡಿಮೆ ತುಂಬಿತ್ತು.

ನನ್ನ ಚೀಲದಲ್ಲಿ ಸದಾ ಒಂದು ಮೀಟರ್ ಇರುತ್ತದೆ, ಬೇರೆಯವರು ಬಿ.ಪಿ. ಗುಳಿಗೆ ಇಟ್ಟುಕೊಳ್ಳುವಂತೆ. ಅಳೆದೆ. ವೋಲ್ಟೇಜ್ ಇನ್ನೂರಿಪ್ಪತ್ತು, ಕರೆಂಟ್ ಎಂಟು ಆಂಪಿಯರ್. ಲಗ್ನಪತ್ರಿಕೆಯೊಂದರ ಹಿಂದೆ ಲೆಕ್ಕ ಹಾಕಿದೆ. ಹತ್ತನೇ ಇಯತ್ತೆಗೆ ವರ್ಷಾ ವರ್ಷ ಬೋರ್ಡಿನ ಮೇಲೆ ಬರೆಯುವುದೇ: ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ರೋಧ, ಗುಣಿಸಿದರೆ ವ್ಯಾಟ್. ಒಲೆ ಹೊಸದಿದ್ದಾಗ ಐದು ಆಂಪಿಯರ್ ಎಳೆಯುತ್ತಿತ್ತು: ನಲವತ್ನಾಲ್ಕು ಓಮ್, ಸಾವಿರದ ನೂರು ವ್ಯಾಟ್. ಈಗ ಇಪ್ಪತ್ತೇಳೂವರೆ ಓಮ್, ಸಾವಿರದ ಏಳುನೂರಾ ಅರವತ್ತು ವ್ಯಾಟ್. ತಂತಿ ಗಿಡ್ಡಾದಷ್ಟೂ ರೋಧ ಇಳಿಯುತ್ತದೆ, ಕರೆಂಟ್ ಏರುತ್ತದೆ. ಅಕ್ಕನ ಒಲೆ ಚುರುಕಾಗಿರಲಿಲ್ಲ, ಸಾಯುತ್ತ ಸಾಯುತ್ತ ಜೋರಾಗಿ ಉಸಿರಾಡುತ್ತಿತ್ತು. ಅದಕ್ಕೆ ಕರೆಂಟ್ ಕೊಡುವ ಪ್ಲಗ್ಗು, ಗೋಡೆಯ ತಂತಿ ಎರಡೂ ಐದು ಆಂಪಿಯರಿನವು.

ಬೋರ್ಡಿಗೆ ಅಂಗೈ ಹಚ್ಚಿದೆ. ಜ್ವರ ಬಂದವರ ಹಣೆಯಂತಿತ್ತು. ಪ್ಲಗ್ಗಿನ ಸುತ್ತ ಪ್ಲಾಸ್ಟಿಕ್ ಕಂದಾಗಿತ್ತು. ತಂತಿ ಅಲ್ಲಿಂದ ಅಟ್ಟದ ಕಡೆಗೆ ಹೋಗಿತ್ತು. ಅಟ್ಟದ ಮೇಲೆ ಬಟ್ಟೆ ಸುತ್ತಿದ ಒಣ ರೊಟ್ಟಿಯ ಸಾಲು, ಅದರ ಪಕ್ಕ ದನಕ್ಕೆಂದು ಒಟ್ಟಿದ ಕಣಕಿ, ಒಣಗಿದ ಜೋಳದ ದಂಟು.

"ಅಕ್ಕಾ, ಮನಿ ಸುಟ್ಟು ಹೋಗ್ತದ. ಬಂದ್ ಮಾಡು."

"ಶುರು ಆಯ್ತು!" ಎಂದಳು. ಬಾಗಿಲಲ್ಲಿ ಕುಳಿತಿದ್ದ ಮಾವ, ಅಕ್ಕನ ಗಂಡ, ನಕ್ಕ. "ಮಾಸ್ತರ, ಸುಮ್ಮ ಕುಂದರ್ರಿ. ಜಾಸ್ತಿ ಆದ್ರ ಫ್ಯೂಸ್ ಹೋಗ್ತದಲ್ಲ? ನೀವ ಹಾಕಿದ ಫ್ಯೂಸದು. ಆರು ವರ್ಷ ಆಯ್ತು, ಒಮ್ಮೆರೆ ಹೋಗ್ಯಾದೇನು? ಭಾಳ ಗಟ್ಟಿ ಕೈ ನಿಮ್ಮದು."

ನಾನು ತಿರುಗಿ ಫ್ಯೂಸಿನ ಕಡೆ ನೋಡಿದೆ.

ಆರು ವರ್ಷದ ಹಿಂದೆ ಅಕ್ಕನ ಮಗಳ ನಿಶ್ಚಯ. ಮನೆ ತುಂಬ ಬೀಗರು. ಫ್ಯೂಸ್ ಮೂರು ಸಲ ಹೋಯಿತು. ಎಲ್ಲರೂ ನನ್ನ ಮುಖ ನೋಡಿದರು. ಹಳೇ ಕೇಬಲ್ಲಿನ ನಾಲ್ಕು ತಾಮ್ರದ ಎಳೆ ಹೊಸೆದು ಫ್ಯೂಸಿಗೆ ಕಟ್ಟಿದೆ. ಲೈಟು ಬಂತು. ಬೀಗರೊಬ್ಬರು ಬೆನ್ನು ಚಪ್ಪರಿಸಿದರು. ನಾಳೆ ತೆಗೆದರಾಯಿತು ಎಂದುಕೊಂಡೆ. ಬೇಡದ್ದಕ್ಕೆಲ್ಲ ಎದ್ದು ಕೂರುವ ನನಗೆ ಆ ನಾಳೆ ಮಾತ್ರ ಆರು ವರ್ಷ ನೆನಪಾಗಲಿಲ್ಲ.

ಯಾರನ್ನೂ ಕೇಳದೆ ಮೇನ್ ಇಳಿಸಿ, ಫ್ಯೂಸ್ ಕಿತ್ತೆ. ಪಿಂಗಾಣಿ ಕರ್ರಗಾಗಿತ್ತು. ತಾಮ್ರ ಮಾತ್ರ ಹಾಗೇ ಇತ್ತು.

"ಏ, ರೊಟ್ಟಿ ಅರ್ಧಕ್ಕ ನಿಂತಾವ!" ಅಕ್ಕ ಕೂಗಿದಳು. "ನಾಳಿಗಿ ಲಗ್ನದವರಿಗಿ ಕೊಡೂದದ. ಇವತ್ತೊಂದಿನ ಹಾಕು, ನಾಳಿ ತಗಿವಂತಿ."

ಅದು ನನ್ನದೇ ಮಾತು. ಹೇಳಿಬಿಟ್ಟೆ: "ಅಕ್ಕಾ, ಫ್ಯೂಸ್ ಸಾಯಬೇಕು. ಅದು ಸತ್ರ ಮನಿ ಉಳೀತದ. ಇದು ಸಾಯಲಾರದಂಗ ನಾನ ಮಾಡೀನಿ. ತಪ್ಪು ನಂದು."

ಅಕ್ಕ ನಗಲಿಲ್ಲ. ಕೈಯ ಹಿಟ್ಟು ಒರೆಸಿಕೊಂಡು ಬಂದು ಬೋರ್ಡು ಮುಟ್ಟಿ ನೋಡಿದಳು. ಅಟ್ಟ ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು: "ಮತ್ತ ಯಾರ್ಯಾರ ಮನ್ಯಾಗ ಹಿಂಗ ಹಾಕೀದಿ?"

ನಮ್ಮ ಮನೆ. ಸೇಡಂನಲ್ಲಿ ಹೆಂಡತಿಯ ತವರು. ಚಿಂಚೋಳಿಯ ತಂಗಿ ಮನೆ.

ಮೊದಲೆರಡು ಕಡೆ ಫೋನ್ ಮಾಡಿ, ಬೈಸಿಕೊಂಡು ಮೇನ್ ಬಂದ್ ಮಾಡಿಸಿದೆ. ತಂಗಿಗೆ ಫೋನ್ ಹಚ್ಚಿದೆ.

"ಹೀಟರ್ ಹಚ್ಚೀಯೇನು?"

"ಹೂಂ ಅಣ್ಣಾ. ಹಿಟ್ಟಿನ ಗಿರಣಿನೂ ತಿರಗಲಿಕತ್ತದ. ಯಾಕ?"

"ಮೇನ್ ಬಂದ್ ಮಾಡು. ಆ ಫ್ಯೂಸ್..."

"ಫ್ಯೂಸಿನ ಚಿಂತಿ ಬಿಡು, ನೀ ಹಾಕಿದ ಮ್ಯಾಲ ಒಮ್ಮೆನೂ ಹೋಗಿಲ್ಲ." ನಕ್ಕಳು. "ವಾಡಿ ಸ್ಟೇಷನ್‌ದಾಗಿಂದ ಮಾತಾಡಲಿಕತ್ತೀಯೇನು?" ಫೋನ್ ಇಟ್ಟಳು.

ಮತ್ತೆ ಹಚ್ಚಿದೆ. ಎತ್ತಲಿಲ್ಲ. ಮತ್ತೆ. ಅಕ್ಕ ನನ್ನ ಪಕ್ಕದಲ್ಲೇ ನಿಂತಿದ್ದಳು. ನಾಲ್ಕನೇ ಸಲ ಎತ್ತಿದಾಗ ತಂಗಿಯ ದನಿಯಲ್ಲಿ ನಗು ಇರಲಿಲ್ಲ.

"ಬೋರ್ಡಿಗಿ ಕೈ ಹಚ್ಚಿದೆ, ಅಣ್ಣಾ. ಇದು ಇಷ್ಟು ಬಿಸಿ ಇರ್ತದೇನು?"