ಗಾಳವಿಲ್ಲದ ಕಟ್ಟಿಗೆ ಮೀನು

ಮಾವನವರ ಬಲಗೈ ತೋರುಬೆರಳು ಒಂದು ಗಳಿಗೆಯೂ ಸುಮ್ಮನಿರುತ್ತಿರಲಿಲ್ಲ. ಪಡಸಾಲೆಯ ಕಂಬಕ್ಕೆ ಒರಗಿ ಕೂತಾಗ, ಊರ ಹಿರಿಯರ ಜೊತೆ ಮಾತಾಡುವಾಗ, ಊಟಕ್ಕೆ ಕೂತರೆ ತಾಟಿನ ಅಂಚಿನ ಮೇಲೂ ಅದು ಕಾಣದ ದಾರವೊಂದನ್ನು ಎಳೆಯುತ್ತಲೇ ಇರುತ್ತಿತ್ತು. ಎಳೆಯುವುದು, ತಡೆಯುವುದು, ಮತ್ತೆ ಎಳೆಯುವುದು. ಬೆರಳಿನ ಮೊದಲ ಗಿಣ್ಣಿನಲ್ಲಿ ಒಂದು ಗೀರು ಬಿದ್ದಿತ್ತು, ಜೋಳದ ಕಾಳು ಕೂರುವಷ್ಟು ಆಳ. ಮದುವೆಯಾಗಿ ಬಂದ ದಿನ ಕಾಲಿಗೆ ಬಿದ್ದು ಏಳುವಾಗ ನಾನು ಅವರ ಮುಖಕ್ಕಿಂತ ಮೊದಲು ಆ ಬೆರಳನ್ನು ನೋಡಿದೆ. ಏನೋ ನರದ ಬೇನೆ ಇರಬೇಕು ಅಂದುಕೊಂಡೆ.

ಬೇನೆಯೇ ಹೌದು, ಆದರೆ ನರದ್ದಲ್ಲ.

ನಾನು ಆಳಂದದವಳು. ನಮ್ಮಪ್ಪನದು ಅರಿವೆ ಅಂಗಡಿ. ನೀರೆಂದರೆ ನಮಗೆ ಸೇದುವ ಬಾವಿ, ಅಷ್ಟೇ. ಎಪ್ಪತ್ತರ ದಶಕದ ಕೊನೆಗೆ ನನ್ನನ್ನು ಜೇವರ್ಗಿ ತಾಲೂಕಿನ ಭೀಮಾ ದಂಡೆಯ ಊರಿಗೆ ಕೊಟ್ಟರು. ಗಂಡನಿಗೆ ಅಫಜಲಪುರದಲ್ಲಿ ಸರ್ಕಾರಿ ನೌಕರಿ. ಶನಿವಾರ ಬಂದು ಸೋಮವಾರದ ಮೊದಲ ಬಸ್ಸಿಗೆ ಹೋಗುತ್ತಿದ್ದರು. ಉಳಿದ ದಿನ ಮನೆಯಲ್ಲಿ ಅತ್ತೆ, ಮಾವ, ನಾನು. ನಮ್ಮದು ಲಿಂಗವಂತರ ಮನೆ. ಬೆಳಿಗ್ಗೆ ಲಿಂಗಪೂಜೆ ಆಗದೆ ಬಾಯಿಗೆ ನೀರು ಬೀಳುತ್ತಿರಲಿಲ್ಲ, ಮೀನು ಮಾಂಸದ ಮಾತು ಹೊಸ್ತಿಲು ದಾಟುತ್ತಿರಲಿಲ್ಲ. ಅಂಥ ಮನೆಯ ಯಜಮಾನರು, ಊರೆಲ್ಲ ಗೌಡರು ಎಂದು ಕರೆಯುವವರು, ದಿನವೂ ಕಟ್ಟಿಗೆಯ ಮೀನೊಂದನ್ನು ದಾರಕ್ಕೆ ಕಟ್ಟಿ ಹೊಳೆಗೆ ಎಸೆಯುತ್ತಿದ್ದರು. ಮನೆಯಲ್ಲಿ ಆ ಮೀನನ್ನು ಮೊದಲ ಸಲ ಕಂಡಾಗ ನನಗೆ ನಗು ತಡೆಯಲಾಗಲಿಲ್ಲ, ಸೆರಗು ಬಾಯಿಗಿಟ್ಟುಕೊಂಡು ಹಿತ್ತಲಿಗೆ ಓಡಿದೆ.

ಅದು ಶುರುವಾದದ್ದು ನಾನು ಬರುವ ನಾಲ್ಕೈದು ವರ್ಷ ಮೊದಲಂತೆ. ಹೊಳೆಗೆ ಹತ್ತಿದ ಹೊಲದಲ್ಲಿ ಮಾವನವರು ನೀರೆತ್ತುವ ಎಂಜಿನ್ನು ಕೂರಿಸಿದ್ದರು. ಒಂದು ದಿನ ಪೈಪಿನ ತುದಿ ನೋಡಲು ಇಳಿದಾಗ ತೇಲಿಹೋಗುತ್ತಿದ್ದ ಕಟ್ಟಿಗೆಯ ಗೂಟವೊಂದನ್ನು ಅದಕ್ಕಿದ್ದ ಹಗ್ಗ ಹಿಡಿದು ದಂಡೆಗೆ ಎಳೆದರು. ಗೂಟದ ಬೆನ್ನು ಹತ್ತಿ ಒಂದು ಬಾಳೆ ಮೀನು ಬಂತು. ಬಾಳೆ ಎಂದರೆ ಅಗಲ ಬಾಯಿಯ, ಉದ್ದ ಮೀಸೆಯ, ಬೇರೆ ಮೀನುಗಳನ್ನು ನುಂಗಿ ಬದುಕುವ ಮೀನು. ಇದು ಆಳುದ್ದ ಇತ್ತೆಂದು ಅವರ ಮಾತು. ಮೊಣಕಾಲುದ್ದ ನೀರಿನ ತನಕ ಬಂದು ನಿಂತು, ಅವರನ್ನು ನೋಡಿ, ಏನೂ ಅವಸರವಿಲ್ಲದೆ ತಿರುಗಿ ಮಡುವಿಗೆ ಹೋಯಿತು.

"ನನ್ನ ಮಾರಿ ನೋಡ್ತು ಯವ್ವಾ," ಅನ್ನುತ್ತಿದ್ದರು. "ನೋಡಿ, ಏ ಇವನೇನು ಅಂತ ಹೊಳ್ಳಿ ಹೋತು. ಕಚ್ಚಿದ್ರ ಮರೀತಿದ್ದೆ. ನೋಡಿ ಹೋತಲ್ಲ, ಅದಽ ನನ್ನ ಕೆಡಿಸ್ತು."

ಅಂದಿನಿಂದ ಅವರಿಗೆ ಕೂತಲ್ಲಿ ಕೂರಲು ಆಗಲಿಲ್ಲ. ಹಾಲವಾಣದ ಹಗುರ ಕಟ್ಟಿಗೆ ತಂದು ಒಂದೂವರೆ ಗೇಣಿನ ಮೀನು ಕೆತ್ತಿದರು. ಇಡೀ ಕಟ್ಟಿಗೆ ಸತ್ತ ಹಾಗೆ ಬರುತ್ತದೆಂದು ಅದನ್ನು ಮೂರು ತುಂಡು ಮಾಡಿ, ಹಳೆಯ ಚಪ್ಪಲಿಯ ಚರ್ಮದ ಪಟ್ಟಿಯಿಂದ ಜೋಡಿಸಿದರು. ಬಾಲಕ್ಕೆ ಸೈಕಲ್ ಟ್ಯೂಬು, ಹೊಟ್ಟೆಯೊಳಗೆ ಎಂಜಿನ್ನಿನ ಹಳೆಯ ನಟ್ಟು, ಮೈಗೆ ಕಾರಹುಣ್ಣಿಮೆಯಲ್ಲಿ ಎತ್ತಿನ ಕೋಡಿಗೆ ಹಚ್ಚಿ ಉಳಿದ ಬಣ್ಣ. ನೈಲಾನು ದಾರವನ್ನು ವನಸ್ಪತಿ ಡಬ್ಬಿಗೆ ಸುತ್ತಿ, ಮೀನನ್ನು ತಲೆಯ ಮೇಲೆ ಬೀಸಿ ಎಸೆದರೆ ದಾರ ಸರಸರ ಬಿಚ್ಚಿಕೊಳ್ಳುತ್ತಿತ್ತು. ಎಳೆಯುವಾಗ ಮೂರು ತುಂಡೂ ಬಳುಕಿ ಬರುತ್ತಿದ್ದವು. ಹರಿಗೋಲು ಹಾಕುವ ಅಂಬಿಗರ ಕಾಕಾ ಅದನ್ನು ಕಂಡು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದನಂತೆ.

"ಇಷ್ಟ ದೊಡ್ಡದು ಕಂಡ್ರ ಮೀನ ಊರ ಬಿಟ್ಟು ಓಡಿ ಹೋಗ್ತಾವ್ರಿ ಗೌಡ್ರ."

"ಸಣ್ಣವು ಓಡಿ ಹೋಗ್ಲಿ ಬಿಡೋ. ಸಣ್ಣವು ಯಾರಿಗಿ ಬೇಕಾಗ್ಯಾವ?"

ಅತ್ತೆ ಮಾತ್ರ ನಗಲಿಲ್ಲ. "ಎದಿಮ್ಯಾಲ ಲಿಂಗ ಕಟ್ಕೊಂಡು ಜೀವಾ ಹಿಡೀತೀರೇನು? ಹಂಗಿದ್ರ ನನ್ನ ಕೈಲಿ ಉಣಬ್ಯಾಡ್ರಿ" ಎಂದು ಒಲೆಗೆ ನೀರು ಹಾಕಿಬಿಟ್ಟರಂತೆ. ಕೊನೆಗೆ ಮಾವನವರು ಎದೆಯ ಲಿಂಗವನ್ನು ಮುಟ್ಟಿ ಮಾತು ಕೊಟ್ಟರು: ಗಾಳ ಕಟ್ಟುವುದಿಲ್ಲ, ಜೀವ ತೆಗೆಯುವುದಿಲ್ಲ. ಬರೀ ಎಸೆಯುವುದು, ಎಳೆಯುವುದು, ನೋಡುವುದು. ಈ ಒಪ್ಪಂದದ ಮೇಲೆ ಮನೆಯಲ್ಲಿ ಮತ್ತೆ ಒಲೆ ಹತ್ತಿತು. ಊರು ಅವರಿಗೆ ಗಾಳ ಇಲ್ಲದ ಗೌಡ್ರು ಎಂದು ಹೆಸರಿಟ್ಟಿತು. ಎದುರಿಗೇ ಹಾಗೆ ಕರೆದರೂ ಅವರಿಗೆ ಸಿಟ್ಟು ಬರುತ್ತಿರಲಿಲ್ಲ. "ಕಾಣೂದು ನನ್ನ ಕೆಲ್ಸ, ಹಿಡಿಯೂದು ಅಂಬಿಗರ ಕೆಲ್ಸ" ಅನ್ನುತ್ತಿದ್ದರು.

ಕೆಲವು ಸಲ ಬಾಳೆ ನಿಜಕ್ಕೂ ಬಾಯಿ ಹಾಕುತ್ತಿತ್ತು. ಕಟ್ಟಿಗೆಯನ್ನು ಹಿಡಿದು, ಒಂದು ಉಸಿರು ತಡೆದು, ಉಗಿದುಬಿಡುತ್ತಿತ್ತು. ಆ ದಿನ ಅವರು ಮನೆಗೆ ಬಂದು ಹಲ್ಲಿನ ಗುರುತನ್ನು ನನಗೆ ತೋರಿಸುತ್ತಿದ್ದರು. ಬಣ್ಣ ಹಚ್ಚುವಾಗ ಆ ಗುರುತಿನ ಮೇಲೆ ಹಚ್ಚುತ್ತಿರಲಿಲ್ಲ. ತಿಂಗಳುಗಟ್ಟಲೆ ಏನೂ ಬರದೆ ಇರುವುದೂ ಇತ್ತು. ಆಗ ಅವರ ಕಾಲಿನ ಸಪ್ಪಳದಿಂದಲೇ ಗೊತ್ತಾಗುತ್ತಿತ್ತು, ಅಂಗಳದ ಈ ತುದಿಯಿಂದ ಆ ತುದಿಗೆ, ಮತ್ತೆ ಈ ತುದಿಗೆ.

ಬುತ್ತಿ ಒಯ್ಯುವುದು ನನ್ನ ಪಾಲಿನ ಕೆಲಸ. ಎರಡನೆಯ ವರ್ಷದ ಒಂದು ಮಧ್ಯಾಹ್ನ ಎಂಜಿನ್ನು ಕೆಮ್ಮತೊಡಗಿತು. "ಒಂದೀಟು ಇದನ್ನ ಹಿಡಿ ಬೇ, ಬಂದೆ. ಮೆಲ್ಲಕ ಎಳಿ, ನಿಂದರಿಸು, ಎಳಿ" ಎಂದು ದಾರ ನನ್ನ ಕೈಗಿತ್ತು ಹೋದರು. ನಾನು ಬೇಸರದಿಂದಲೇ ಎಳೆದೆ. ಕಟ್ಟಿಗೆ ಮೀನು ಬಂಡೆಯ ನೆರಳು ದಾಟಿ ಬಿಸಿಲಿಗೆ ಬಂತು. ಅದರ ಹಿಂದೆ ನೆರಳೇ ಒಂದು ತುಂಡು ಕಿತ್ತುಕೊಂಡು ಬಂದ ಹಾಗಾಯಿತು. ಮೀಸೆ ಕಂಡಿತು, ಆಮೇಲೆ ಬಾಯಿ. ನಾನು ಎಳೆದರೆ ಬರುತ್ತಿತ್ತು, ನಿಂತರೆ ನಿಲ್ಲುತ್ತಿತ್ತು. ನನ್ನ ಕಾಲುಂಗುರದಿಂದ ಎರಡು ಮೊಳ ದೂರದಲ್ಲಿ ನಿಂತು, ತಿರುಗಿ, ಹೊರಟುಹೋಯಿತು. ನಾನು ದಾರ ಹಿಡಿದುಕೊಂಡೇ ನೀರಿಗೆ ಎರಡು ಹೆಜ್ಜೆ ಇಟ್ಟೆ.

ಮಾವನವರು ಓಡಿ ಬಂದು ನನ್ನ ಮುಖ ನೋಡಿದರು. ಕೇಳಬೇಕಾಗಿಯೇ ಇರಲಿಲ್ಲ.

"ಕಂಡೀ?" ಅಂದರು. "ಹೋತು. ಇನ್ನ ನಿನಗ ಉಂಡದ್ದು ರುಚಿಸಂಗಿಲ್ಲ ನೋಡು."

ಹಾಗೇ ಆಯಿತು. ರೊಟ್ಟಿ ಬಡಿಯುವಾಗ ನನ್ನ ಕಣ್ಣಿನ ಮುಂದೆ ಆ ಬಾಯಿ. ಶನಿವಾರ ಗಂಡ ಬಂದು ಕಚೇರಿಯ ಸುದ್ದಿ ಹೇಳುವಾಗ ನಾನು ಹೂಂಗುಟ್ಟುತ್ತ ಮಡುವಿನಲ್ಲಿರುತ್ತಿದ್ದೆ. ಬುತ್ತಿಯನ್ನು ಹನ್ನೆರಡಕ್ಕೆ ಒಯ್ಯಬೇಕಾದವಳು ಹತ್ತಕ್ಕೇ ಹೊರಟು ನಿಲ್ಲುತ್ತಿದ್ದೆ. ಮಾವನವರು ಎಸೆಯುತ್ತಿದ್ದರು, ನಾನು ಎಳೆಯುತ್ತಿದ್ದೆ. ಅವರು ಬಂಡೆಯ ಮೇಲೆ ನಿಂತು ಮೇಲಿನಿಂದ ನೋಡುತ್ತಿದ್ದರು. ಮಾವ ಸೊಸೆ ಹೀಗೆ ಹೊಳೆಯಲ್ಲಿ ನಿಲ್ಲುವುದನ್ನು ಕಂಡವರು ಏನಂದರೋ, ಅನ್ನಲಿ. ಆ ಮನೆಯಲ್ಲಿ ನನ್ನ ಜೊತೆ ಮಾತು ಬೇಕೆನಿಸಿ ಮಾತಾಡುತ್ತಿದ್ದವರು ಅವರೊಬ್ಬರೇ.

ಆದರೆ ನನಗೆ ಅವರಷ್ಟು ತಾಳ್ಮೆ ಇರಲಿಲ್ಲ. ನೋಡಿದ್ದು ಸಾಲದಾಯಿತು. ಆ ವರ್ಷ ಮೂರು ಸಲ ಬಾಳೆ ಬಾಯಿ ಹಾಕಿ ಬಿಟ್ಟಿತು. ಮೂರನೆಯ ಸಲದ ನಂತರ ಮಾವನವರು ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಒಂದು ಸಲ ಸಿಕ್ಕರೆ ಇವರ ತಳಮಳ ತೀರೀತು ಎಂದು ನನಗೆ ನಾನೇ ಹೇಳಿಕೊಂಡೆ. ಇವರ ಹೆಸರು ಬರೀ ನೆಪ, ಬೇಕಾಗಿದ್ದದ್ದು ನನಗೆ. ಅಂಬಿಗರ ಕಾಕಾನ ಹೆಂಡತಿಗೆ ಒಂದು ಬಟ್ಟಲು ಶೇಂಗಾದ ಹಿಂಡಿ, ಅಂದರೆ ಚಟ್ನಿಪುಡಿ, ಕೊಟ್ಟು ಎರಡು ದೊಡ್ಡ ಗಾಳ ತಂದೆ. ಯಾಕೆಂದು ಅವಳು ಕೇಳಲಿಲ್ಲ.

ಮಿರಗದ, ಅಂದರೆ ಮೃಗಶಿರೆಯ, ಮೊದಲ ಮಳೆ ಬಿದ್ದಿತ್ತು, ಹೊಳೆ ಇನ್ನೂ ಹೊಸ ನೀರಿಗೆ ಕೆಂಪಾಗಿರಲಿಲ್ಲ. ಮಾವನವರು ಎಂಜಿನ್ನಿನ ಹತ್ತಿರ ಇದ್ದಾಗ ಗಾಳಗಳನ್ನು ಕಟ್ಟಿಗೆ ಮೀನಿನ ಹೊಟ್ಟೆಯ ಕೆಳಗೆ, ಚರ್ಮದ ಪಟ್ಟಿಯ ಸಂದಿಗೆ ಬಿಗಿದೆ. ದಾರ ಹಿಡಿದೇ ಬೀಸುವುದರಿಂದ ಅವರು ಮೀನಿನ ಮೈ ಮುಟ್ಟುತ್ತಿರಲಿಲ್ಲ. ಆದರೂ ಬೀಸುವ ಮೊದಲು ತಡೆದರು.

"ಭಾರ ಆಗ್ಯಾದಲ್ಲ?"

"ಕಟ್ಟಿಗಿ ನೀರ ಕುಡದಿರಬೇಕ್ರಿ ಮಾವಾ," ಅಂದೆ.

ಎಸೆದರು. ನನ್ನ ಕೈಗೆ ದಾರ ಕೊಟ್ಟು ಬಂಡೆ ಏರಿದರು. ನಾಲ್ಕನೆಯ ಎಳೆತಕ್ಕೆ ದಾರ ನಿಂತುಬಿಟ್ಟಿತು. ಮೇಲಿನಿಂದ ಅವರು "ಹಿಡೀತು! ಹಿಡೀತು!" ಎಂದು ಕೂಗಿದರು. ಆಮೇಲೆ ಆ ಕೂಗು ಬದಲಾಯಿತು.

"ಬಿಡವಲ್ದಲ್ಲ... ಯಾಕ ಬಿಡವಲ್ದು?"

ಅವರು ನನ್ನ ಕಡೆ ನೋಡಿದರು, ಅವರಿಗೆ ತಿಳಿಯಿತು. ಬೈಯಲಿಲ್ಲ. ಧೋತರ ಉಟ್ಟಂತೆಯೇ ನೀರಿಗಿಳಿದು, ದಾರ ಹಿಡಿದು ಎದೆಮಟ್ಟದ ತನಕ ಹೋಗಿ, ದಣಿದ ಮೀನನ್ನು ಎರಡೂ ಕೈಯಿಂದ ಅಪ್ಪಿ ತಂದರು. ಒಂದು ಗಾಳ ಕಿವಿರಿನೊಳಗೆ ಇಳಿದಿತ್ತು. ಬೆರಳು ಹಾಕಿ ಬಿಡಿಸಿದರು. ರಕ್ತ ಅವರ ಅಂಗಿಯ ತೋಳಿಗೆಲ್ಲ ಹತ್ತಿತು. ಮೀನನ್ನು ನೀರಿನಲ್ಲೇ ಹಿಡಿದು ಹಿಂದೆ ಮುಂದೆ ಆಡಿಸಿದರು, ಬಾಯಿಗೆ ನೀರು ಹೋಗಲೆಂದು. "ಉಸರ ತಗೋ ತಾಯಿ, ಉಸರ ತಗೋ" ಅನ್ನುತ್ತಿದ್ದರು. ಹೊಟ್ಟೆ ತುಂಬ ತತ್ತಿ ಇದ್ದ ಹೆಣ್ಣು ಮೀನು. ಬಹಳ ಹೊತ್ತು ಆಡಿಸಿದರು. ಅದು ಬಿಳಿ ಹೊಟ್ಟೆ ಮೇಲೆ ಮಾಡಿತು.

ಅಷ್ಟರಲ್ಲಿ ಅರಿವೆ ಒಗೆಯುವ ಹೆಂಗಸರು ಬಂದು ನಿಂತಿದ್ದರು, ಅಂಬಿಗರ ಕಾಕಾನೂ ಹರಿಗೋಲು ಬಿಟ್ಟು ಬಂದ. ಕಟ್ಟಿಗೆ ಮೀನನ್ನು ಎತ್ತಿ ತಿರುಗಿಸಿದ. "ಗಾಳ ಯಾರ ಕಟ್ಟಿದ್ರಿ ಗೌಡ್ರ?" ಎಂದು ಕೇಳಿ ನನ್ನ ಕಡೆ ನೋಡಿದ.

"ನಾನಽ ಕಟ್ಟೀನಿ," ಅಂದರು ಮಾವನವರು. ಒಂದು ಕ್ಷಣವೂ ತಡೆಯಲಿಲ್ಲ.

ಸುದ್ದಿ ನಮಗಿಂತ ಮೊದಲು ಮನೆ ಮುಟ್ಟಿತು. ಅತ್ತೆ, ಲಿಂಗ ಮುಟ್ಟಿ ಕೊಟ್ಟ ಮಾತು ಮುರಿದವರ ಮನೆಯಲ್ಲಿ ಅನ್ನ ಮುಟ್ಟುವುದಿಲ್ಲ ಎಂದು ದೇವರ ಕೋಣೆಯಲ್ಲಿ ಕೂತುಬಿಟ್ಟರು. ಮೂರನೆಯ ದಿನ ಮಾವನವರು ಮಠಕ್ಕೆ ಹೋದರು. ಅಯ್ಯನವರ ಮುಂದೆ, ಊರ ಹಿರಿಯರ ಮುಂದೆ, ತಪ್ಪಾಯಿತೆಂದು ಕೈಮುಗಿದರು. ಅವರಾಗಿಯೇ ದಾಸೋಹದ ಒಲೆಯ ಹತ್ತಿರ ಹೋಗಿ ಕಟ್ಟಿಗೆ ಮೀನನ್ನು ಬೆಂಕಿಗಿಟ್ಟರು. ಇನ್ನು ಹೊಳೆಯ ದಂಡೆಗೆ ಕಾಲಿಡುವುದಿಲ್ಲ ಎಂದು ಹೊಸ ಮಾತು ಕೊಟ್ಟರು. ಹೆಂಗಸರ ಹಿಂದೆ ನಿಂತಿದ್ದ ನಾನು ಬಾಯಿ ತೆರೆಯಲಿಲ್ಲ. ತೆರೆಯಬಹುದಿತ್ತು. ಯಾರೂ ನನ್ನ ಬಾಯಿ ಹಿಡಿದಿರಲಿಲ್ಲ.

ವಾರ ಬಿಟ್ಟು, ಅತ್ತೆ ಹಿತ್ತಲಲ್ಲಿದ್ದಾಗ, ಅವರಿಗೆ ಚಹಾ ಕೊಡುತ್ತ ಹೇಳಿದೆ: "ಅತ್ತ್ಯಾರಿಗಿ ಖರೆ ಹೇಳಿಬಿಡ್ತೀನ್ರಿ ಮಾವಾ."

"ಏನೂ ಹೇಳಬ್ಯಾಡ," ಅಂದರು. "ನೀ ಈ ಮನ್ಯಾಗ ಇನ್ನ ನಲವತ್ತು ವರ್ಷ ಅಡಗಿ ಮಾಡ್ಬೇಕು ಬೇ. ನಿನ್ನ ಕೈಮ್ಯಾಲಿನ ನಂಬಿಗಿ ಹೋಗಬಾರ್ದು. ನನಗೇನು, ನಾ ಬರೇ ಉಣ್ಣವ."

ಹನ್ನೊಂದು ವರ್ಷ ಮಾತು ಉಳಿಸಿಕೊಂಡರು. ಹೊಳೆಯ ಹೊಲವನ್ನು ಪಾಲಿಗೆ ಕೊಟ್ಟರು. ಪಡಸಾಲೆಯಲ್ಲಿ ಹೊಳೆಗೆ ಬೆನ್ನು ಹಾಕಿ ಕೂರುತ್ತಿದ್ದರು. ಕೂರುತ್ತಿದ್ದರು ಎಂದರೆ ತಪ್ಪಾದೀತು. ಏಳುತ್ತಿದ್ದರು, ಅಂಗಳ ಸುತ್ತುತ್ತಿದ್ದರು, ಬಾಗಿಲ ತನಕ ಹೋಗಿ ತಿರುಗಿ ಬರುತ್ತಿದ್ದರು. ಇಜೇರಿ ಎಂಬ ಊರಿಗೆ ಕೊಟ್ಟ ತಮ್ಮ ಮಗಳ ಮನೆಗೆ ಹೋದರೂ ಮರುದಿನವೇ ವಾಪಸು. ನನಗೆ ಎರಡು ಮಕ್ಕಳಾದವು, ಅತ್ತೆ ಅಡುಗೆಮನೆಯನ್ನು ಪೂರ್ತಿ ನನ್ನ ಕೈಗೆ ಬಿಟ್ಟರು, ಊರವರು ನನ್ನನ್ನು ಗೌಡರ ಮನೆಯ ಒಳ್ಳೆಯ ಸೊಸೆ ಅಂದರು. ಆ ಒಳ್ಳೆಯ ಹೆಸರಿನಲ್ಲಿ ನಾನು ಹಾಯಾಗಿ ಬದುಕಿದೆ, ಅದೂ ಸುಳ್ಳಲ್ಲ.

ತೊಂಬತ್ತರ ದಶಕದ ಮೊದಲಿಗೆ ಅವರು ಹಾಸಿಗೆ ಹಿಡಿದರು. ಒಂದು ಬೆಳಿಗ್ಗೆ ನಾನು ಗಂಜಿ ಕುಡಿಸುತ್ತಿದ್ದೆ, ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಚಮಚವನ್ನು ಕೈಯಿಂದ ಸರಿಸಿದರು.

"ಯವ್ವಾ, ಒಂದು ಕೇಳ್ತೀನಿ. ಅವತ್ತ ದಾರ ನಿನ್ನ ಕೈಯಾಗಿತ್ತು. ಅದು ಹಿಡದು ಬಿಡದಽ ನಿಂತಾಗ ಹ್ಯಾಂಗ ಅನಿಸ್ತು? ನನಗ ಒಮ್ಮೆನೂ ಗೊತ್ತಾಗ್ಲಿಲ್ಲ ನೋಡು."

ಹನ್ನೊಂದು ವರ್ಷ ಅವರು ಇದೊಂದನ್ನು ಕೇಳದೆ ತಡೆದಿದ್ದರು. ನನಗೆ ನಾಚಿಕೆ ಬಂತು. ತತ್ತಿ ಹೊತ್ತ ಮೀನಿನ ಜೀವ ಹೋಗಿತ್ತು, ಇವರ ಹೊಳೆ ಹೋಗಿತ್ತು. ಈಗ ಹೇಗೆ ಅನಿಸಿತೆಂದು ಯಾವ ಬಾಯಿಂದ ಹೇಳುವುದು?

"ದಾರಕ್ಕ ಕೈ ಹರೀತ್ರಿ," ಅಂದೆ. "ಭಾಳ ಅಂಜಿಕಿ ಬಂತ್ರಿ ಮಾವಾ."

"ಅಷ್ಟಽನಾ?" ಅಂದರು. ಗೋಡೆಯ ಕಡೆ ಹೊರಳಿದರು. ನಾಲ್ಕನೆಯ ದಿನ ತೀರಿಕೊಂಡರು. ನಮ್ಮ ಪದ್ಧತಿಯಂತೆ ಕೂರಿಸಿ, ಕೈಯಲ್ಲಿ ಲಿಂಗವಿಟ್ಟು, ವಿಭೂತಿ ಬಿಲ್ವಪತ್ರೆ ತುಂಬಿ ಮಣ್ಣು ಮಾಡಿದರು.

ಅಷ್ಟೇ ಅಲ್ಲ, ಮಾವ. ಮೊದಲು ಬಂಡೆಗೆ ಸಿಕ್ಕಿತು ಅಂದುಕೊಂಡೆ. ಆಮೇಲೆ ಬಂಡೆ ನಡೆಯತೊಡಗಿತು. ಅದು ತಲೆ ಝಾಡಿಸಿದ್ದು ನನ್ನ ಭುಜದ ತನಕ ಬಂತು, ಹೊಟ್ಟೆಯ ತನಕ ಬಂತು. ಕೈ ಹರಿದದ್ದು ನನಗೆ ತಿಳಿಯಲೇ ಇಲ್ಲ. ಅಂಜಿಕೆ ಒಂದಿಷ್ಟೂ ಆಗಲಿಲ್ಲ. ಮದುವೆಯಲ್ಲೂ, ಮಕ್ಕಳು ಹುಟ್ಟಿದಾಗಲೂ ನನಗೆ ಆಗದಷ್ಟು ಸಂತೋಷ ಆಯಿತು. ನೀವು ಕೇಳಿದ್ದು ಅದೊಂದೇ, ಅದನ್ನೂ ನಾನು ನಿಮಗೆ ಕೊಡಲಿಲ್ಲ.