ಚಹಾದೊಲೆಯ ಮೇಲೆ ಎರಡು ವಾಲ್ವು

ಯಲ್ಲಾಪುರದ ಆ ಮೆಕ್ಯಾನಿಕ್ಕಿಗೆ ಹಳೆಯದೆಂದರೆ ಅನುಮಾನ. ನನ್ನ ಕಾರಿನ ರೇಡಿಯೇಟರ್ ಪೈಪು ಸೋರುತ್ತಿತ್ತು. ಅದನ್ನು ಬದಲಿಸುವಾಗ, ಇಂಜಿನ್ ಬಿಸಿಯಾದಾಗ ತೆರೆದು ರೇಡಿಯೇಟರಿಗೆ ನೀರು ಬಿಡುವ ವಾಲ್ವನ್ನೂ ಕಿತ್ತರು. "ಹೊಸದು ಹಾಕಿಬಿಡೋಣ್ರಿ, ಚಿಂತಿ ಇಲ್ಲ."

ಅರಬೈಲ್ ಘಟ್ಟದಲ್ಲಿ ಕಾರಿನ ನೀರು ಕುದಿಯಿತು; ತಣಿಸಿಕೊಂಡು ಅವರ ಬಳಿಗೇ ಮರಳಿದೆ. ಪಂಪು, ಫ್ಯಾನು, ಮುಚ್ಚಳ ಎಲ್ಲ ನೋಡಿದರು, ಎಲ್ಲವೂ ಸರಿಯಿತ್ತು. ಮತ್ತೆ ಘಟ್ಟ ಹತ್ತಿದರೆ ಮತ್ತೆ ಕುದಿ. ನನಗಂತೂ ತಲೆಬುಡ ತಿಳಿಯಲಿಲ್ಲ. ಅವರು ಬಾನೆಟ್ಟಿನ ಮೇಲೆ ಬೆರಳು ಬಡಿದು, ಹೊಸ ವಾಲ್ವನ್ನು ಬಿಚ್ಚಿ ತೆಗೆದರು.

ಕೊನೆಗೆ ಎದುರಿನ ಚಹಾ ಅಂಗಡಿಯ ಒಲೆಯ ಮೇಲೆ ಡಬ್ಬಿಯಲ್ಲಿ ನೀರಿಟ್ಟು, ಎರಡೂ ವಾಲ್ವುಗಳನ್ನು ಕುದಿಸಿದರು. ಗುಜರಿ ರಾಶಿಯಿಂದ ಹುಡುಕಿ ತಂದ, ನನ್ನ ಕಾರಿನ ಹಳೆಯದು ಬಾಯಿ ತೆರೆಯಿತು. ಹೊಸದು ತೆರೆಯಲೇ ಇಲ್ಲ.

ಹಳೆಯದನ್ನು ಇಕ್ಕಳದಲ್ಲಿ ಎತ್ತಿ, ಅಂಗಿಯ ಅಂಚಿಗೆ ಒರೆಸುತ್ತ ನನ್ನನ್ನೇ ಕೇಳಿದರು: "ಹಂಗಾದ್ರ, ಕೆಡಿಸಿದಾಂವ ನಾನೇ ಏನ್ರಿ?"